ಅತ್ತೆಗೆ ಯಾರೂ ‘ಇಲ್ಲ’ ಅನ್ನುವಂತಿಲ್ಲ

ಟೆಲೇಸಿಯಾ ಅತ್ತೆಗೆ ಹುಟ್ಟಿದಂದಿನಿಂದ ಯಾರೂ ‘ಇಲ್ಲ’ ಎಂದವರಿಲ್ಲ. ಹೊಗಳಿಕೆಗೆ ಹೇಳುತ್ತಿಲ್ಲ, ಅವಳ ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಟೊಂಗಾದವರಾದ ನಮ್ಮ ಮನೆಗಳಲ್ಲಿ ತಮ್ಮನಿಗಿಂತ ಅಕ್ಕ ಮೇಲು. ತಮ್ಮನ ಮಕ್ಕಳಿಗಂತೂ ಅತ್ತೆಯೆಂದರೆ ಅಪ್ಪನ ತಲೆಯ ಮೇಲೆ ಕೂತವಳು. ಅವಳು ಕೇಳಿದ್ದನ್ನು ಕೊಡಬೇಕು, ಹೇಳಿದ್ದಕ್ಕೆ ಹೂಂ ಅನ್ನಬೇಕು. ಅತ್ತೆ ಮುನಿದು ಒಂದು ಕೆಟ್ಟ ಮಾತಾಡಿದರೆ ಅಳಿಯನ ಮನೆಯಲ್ಲಿ ಕೂಸು ಉಳಿಯುವುದಿಲ್ಲ ಎಂದು ನಂಬಿದ ಜನ ನಾವು. ಪಾದ್ರಿಗಳು ಎಷ್ಟು ಬೈದರೂ ನಂಬುತ್ತೇವೆ. ಹೀಗಾಗಿ ನಮ್ಮೂರು ಕೊಲೊವಾಯಿಯಲ್ಲಿ ಅವಳು ಬೀದಿಗಿಳಿದರೆ ಸಾಕು, ತಮ್ಮನ ಕಡೆಯವರೆಲ್ಲ ಕೋಳಿಮರಿಗಳ ಹಾಗೆ ಮೂಲೆ ಸೇರುತ್ತಿದ್ದರು. ಅವಳು ಅದನ್ನು ಪ್ರೀತಿ ಎಂದುಕೊಂಡಿದ್ದಳು.

ಸಿಡ್ನಿಗೆ ಮೊದಲು ಹೋದವಳು ಅವಳೇ, ಇದನ್ನು ಅಲ್ಲಗಳೆಯುವಂತಿಲ್ಲ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಮೌಂಟ್ ಡ್ರೂಯಿಟ್ ಬಳಿಯ ಒಂದು ವೃದ್ಧಾಶ್ರಮದಲ್ಲಿ ಬಿಳಿಯ ಮುದುಕಿಯರ ಮೈ ತೊಳೆದು, ಹಾಸಿಗೆ ಬದಲಿಸಿ, ಬಚ್ಚಲು ಉಜ್ಜಿ, ಬೆನ್ನು ಬಿದ್ದು ಹೋಗುವಷ್ಟು ದುಡಿದು ಅಲ್ಲಿಯ ಶಾಶ್ವತ ನಿವಾಸಿಯಾದಳು. ಆಮೇಲೆ ತಮ್ಮ ಮೋಸೆಸೆಯನ್ನೂ ಅವನ ಹೆಂಡತಿ ಲೂಪೆಯನ್ನೂ ಅವರ ಒಬ್ಬನೇ ಮಗ ಕೆಲೆಪಿಯನ್ನೂ ಕರೆಸಿಕೊಂಡಳು. ಕರೆಸಿಕೊಂಡದ್ದನ್ನು ಒಂದು ದಿನವಾದರೂ ಮರೆಯಲು ಬಿಟ್ಟಳೇ? ಊಟಕ್ಕೆ ಕೂತರೆ ಅದೇ, ಪ್ರಾರ್ಥನೆಗೆ ಕೂತರೆ ಅದೇ. “ನಾನಿಲ್ದೇ ಇದ್ದಿದ್ರೆ ನೀವಿನ್ನೂ ಕೊಲೊವಾಯೀಲಿ ಮರಗೆಣಸು ಕೀಳ್ತಾ ಇರ್ತಿದ್ರಿ” ಎನ್ನುತ್ತಿದ್ದಳು. ಮೋಸೆಸೆ ತಟ್ಟೆ ನೋಡುತ್ತ “ಹೌದಕ್ಕ” ಎನ್ನುತ್ತಿದ್ದ. ಲೂಪೆ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಆಶ್ರಮದಲ್ಲಿ ಅವಳ ಹೆಸರು ಟೆರಿ. ಅಲ್ಲಿಯ ಮೇಲ್ವಿಚಾರಕಿ, ಮಗಳ ವಯಸ್ಸಿನವಳು, ಗಡಿಯಾರ ತೋರಿಸಿ “ಟೆರಿ, ಬೇಗ ಬೇಗ” ಎಂದು ಚಪ್ಪಾಳೆ ತಟ್ಟುತ್ತಿದ್ದಳಂತೆ. ಹಗಲೆಲ್ಲ ಹಾಗೆ ಅನ್ನಿಸಿಕೊಂಡು ಬಂದವಳು ಸಂಜೆ ಮನೆಯಲ್ಲಿ ಅದರ ಎರಡರಷ್ಟನ್ನು ಲೂಪೆಯ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ತಮ್ಮ, ಅವನ ಹೆಂಡತಿ, ಮಗ ಮೂವರೂ ಅವಕಾಶ ಸಿಕ್ಕಿದ ಕೂಡಲೇ ನಗರಸಭೆಯ ಸಭಾಂಗಣದಲ್ಲಿ ಪ್ರಮಾಣ ಮಾಡಿ ಆ ದೇಶದ ಪೌರರಾದರು. ಅತ್ತೆಯನ್ನೂ ಕರೆದರು. ಅವಳು ಸಿಡಿದು ಬಿದ್ದಳು.

“ನಾನ್ಯಾರ ಮುಂದೆ ಪ್ರಮಾಣ ಮಾಡ್ಲಿ? ನನ್ನ ರಾಜ ನುಕುಅಲೋಫಾದಲ್ಲಿದಾನೆ. ನಿಮಗೆ ನಾಚಿಕೆ ಇಲ್ಲ ಅಂತ ನನಗೂ ಇಲ್ವಾ? ಅಲ್ಲಿರೋ ಹಕ್ಕು ಒಂದು ಸಲ ಕೊಟ್ಟಿದಾರೆ, ಮುಗೀತು. ಅದನ್ನ ಯಾರು ಕಿತ್ಕೋತಾರೆ?”

ಅವಳ ತಲೆಯಲ್ಲಿದ್ದದ್ದು ಇಷ್ಟು: ಅತ್ತೆತನ ಹೇಗೋ ಇದೂ ಹಾಗೆ. ಅತ್ತೆ ಅಳಿಯನ ಮನೆಗೆ ಇಪ್ಪತ್ತು ವರ್ಷ ಕಾಲಿಡದಿದ್ದರೂ ಅತ್ತೆಯೇ. ಬಂದ ದಿನ ಮೇಲಿನ ಜಾಗ ಅವಳದೇ, ಹಂದಿಯ ಒಳ್ಳೆಯ ಭಾಗ ಅವಳದೇ. ಒಮ್ಮೆ ದಕ್ಕಿದ ಸ್ಥಾನ ಅಲ್ಲಿಲ್ಲದ ಮಾತ್ರಕ್ಕೆ ಸವೆದುಹೋಗುತ್ತದೆ ಎಂಬುದು ಅವಳ ಊಹೆಗೂ ಮೀರಿದ್ದು. ಐದು ವರ್ಷಕ್ಕೊಮ್ಮೆ ಮರಳಿ ಬರುವ ಅನುಮತಿಯನ್ನು ಹೊಸದು ಮಾಡಿಸಬೇಕು, ಇಲ್ಲದಿದ್ದರೆ ಹೊರಗೆ ಹೋದವರು ಹೊರಗೇ ಉಳಿಯುತ್ತಾರೆ ಎಂದು ಕಾಯಿದೆ ಹೇಳುತ್ತಿತ್ತು. ಆ ಕೆಲಸವನ್ನೆಲ್ಲ ಮಾಡಿಸುತ್ತಿದ್ದವನು ಕೆಲೆಪಿ. ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಅತ್ತೆ ಅವನು ತೋರಿಸಿದಲ್ಲಿ ಸಹಿ ಹಾಕುತ್ತಿದ್ದಳು, ಅಷ್ಟೆ.

ಮೋಸೆಸೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನು ಬಸ್ ಸ್ಟಾಪಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಹೆಣವನ್ನು ಊರಿಗೆ ತಂದರು. ಆ ಸಾವಿನ ಮನೆಯಲ್ಲಿ ಟೆಲೇಸಿಯಾ ಅತ್ತೆಯನ್ನು ನೋಡಬೇಕಿತ್ತು! ತಮ್ಮನ ತಲೆಯ ಬಳಿ ಕೂತು, ಯಾವ ಚಾಪೆ ಯಾರಿಗೆ, ಯಾವ ಹಂದಿ ಯಾವ ಒಲೆಗೆ, ಯಾವ ಹಾಡು ಯಾವ ಗುಂಪಿಗೆ ಎಂದು ಬೆರಳ ತುದಿಯಲ್ಲಿ ಹೇಳಿದಳು. ಲೂಪೆಯ ತಾಯಿ ವರ್ಷಗಟ್ಟಲೆ ಕೂತು ಹೆಣೆದ ನಯದ ಚಾಪೆಯೊಂದು ಸಾವಿನ ಕಾಣಿಕೆಯಾಗಿ ಬಂದಿತ್ತು, ರೇಷ್ಮೆಯ ಹಾಗೆ ಮಡಿಚುವಂಥದ್ದು. ಅದನ್ನೂ ತನ್ನ ಕಡೆಗೆ ಎಳೆದುಕೊಂಡಳು. ಹಕ್ಕು ಅವಳದೇ, ಯಾರೇನೂ ಹೇಳುವಂತಿಲ್ಲ. ಮುಂದಿನ ವಾರವೇ ಒಬ್ಬ ಜಮೀನ್ದಾರನ ಮಗಳ ಮದುವೆಗೆ ಅದನ್ನು ಉಡುಗೊರೆಯಾಗಿ ಹೊದಿಸಿ ಬಂದು, ತನ್ನ ಕೈ ಎಷ್ಟು ಧಾರಾಳ ಎಂದು ಊರೆಲ್ಲ ಹೇಳಿಕೊಂಡಳು. ಲೂಪೆಯ ತಾಯಿ ಆಗಲೇ ಮಣ್ಣು ಸೇರಿದ್ದಳು. ಆಕೆಯ ಕೈಯ ಕೆಲಸ ಅಂತ ಮಗಳಿಗೆ ಉಳಿದದ್ದು ಅದೊಂದೇ.

ಮಣ್ಣಾದ ಮೇಲೆ ಲೂಪೆಯೂ ಕೆಲೆಪಿಯೂ ಸಿಡ್ನಿಗೆ ಹೊರಟರು. ಅತ್ತೆ ಹೊರಡಲಿಲ್ಲ. “ಸಮಾಧಿಗೆ ಕಲ್ಲು ನಿಲ್ಲಿಸಿ ಬರ್ತೀನಿ” ಎಂದಳು. ಕಲ್ಲು ನಿಂತಿತು, ಜೊತೆಗೆ ಅತ್ತೆಯೂ ನಿಂತುಬಿಟ್ಟಳು. ಇಲ್ಲಿ ಟೆರಿ ಎನ್ನುವವರಿಲ್ಲ, ಚಪ್ಪಾಳೆ ತಟ್ಟುವವರಿಲ್ಲ. ಇಗರ್ಜಿಯಲ್ಲಿ ಮುಂದಿನ ಬೆಂಚು, ಔತಣದಲ್ಲಿ ಮೊದಲ ತಟ್ಟೆ. ಮೋಸೆಸೆಯ ಹಳೆಯ ಮನೆಯಲ್ಲಿ ಕೂತು ಊರಿನ ಮದುವೆ, ಬಾಣಂತನ, ಜಗಳ ಎಲ್ಲಕ್ಕೂ ಮೂಗು ತೂರಿಸಿಕೊಂಡು ಸುಖವಾಗಿದ್ದಳು. ಯಾರು ಬಿಟ್ಟಾರು, ಹೇಳಿ?

ವರ್ಷಕ್ಕೊಂದೆರಡು ಸಲ ಕೆಲೆಪಿಗೆ ಫೋನು ಹೋಗುತ್ತಿತ್ತು.

“ಏನೋ, ನನ್ನ ಕೋಣೆ ಹಾಗೇ ಇಟ್ಟಿದೀಯೇನೋ?”

“ಹೂಂ ಅತ್ತೆ.”

“ನನ್ನ ಕಾಗದಪತ್ರ ಎಲ್ಲ ಸರಿ ಇದೆ ತಾನೆ? ನಾನು ಯಾವಾಗ ಬೇಕಾದ್ರೂ ಬರ್ಬಹುದು ತಾನೆ?”

“ಹೂಂ ಅತ್ತೆ.”

“ನಿಮ್ಮಮ್ಮ ಏನ್ಮಾಡ್ತಿದಾಳೆ? ಫೋನ್ ತಗೊಳ್ಳೋಕೂ ಆಗಲ್ವಂತಾ ಮಹಾರಾಣಿಗೆ?”

“ಕೆಲಸಕ್ಕೆ ಹೋಗಿದಾರೆ ಅತ್ತೆ.”

ಲೂಪೆ ಅಲ್ಲೇ ಪಕ್ಕದಲ್ಲಿ ಕೂತಿರುತ್ತಿದ್ದಳು ಎಂದು ಆಮೇಲೆ ಎಲ್ಲರಿಗೂ ತಿಳಿಯಿತು. ಕೋಣೆಯನ್ನು ಎಂದೋ ಖಾಲಿ ಮಾಡಿ ಬಣ್ಣ ಹೊಡೆಸಿದ್ದರು. ಕೆಲೆಪಿಯ ಮದುವೆಯಾಯಿತು, ಆ ಕೋಣೆಯಲ್ಲಿ ಅವನೂ ಅವನ ಹೆಂಡತಿಯೂ ಮಲಗುತ್ತಿದ್ದರು. ಅತ್ತೆಗೆ ‘ಇಲ್ಲ’ ಅನ್ನುವಂತಿಲ್ಲ ಎಂದ ಮೇಲೆ ಬಾಯಿಗೆ ಬರುವುದು ಹೂಂ ಒಂದೇ ತಾನೆ? ಅವಳು ತಾನೇ ಒಂದು ಬಾಗಿಲು ಮುಚ್ಚಿ, ಆ ಬಾಗಿಲಿನಿಂದಲೇ ಸುದ್ದಿ ಬರಲಿ ಎಂದು ಕಾದು ಕೂತಿದ್ದಳು. ಅನುಮತಿಯ ಐದು ವರ್ಷ ಮುಗಿಯಿತು. ಕೆಲೆಪಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಹೀಗಿರುವಾಗ ಅವಳ ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಹುಣ್ಣಾಯಿತು. ಸಕ್ಕರೆ ಕಾಯಿಲೆ ನಮ್ಮ ದ್ವೀಪದಲ್ಲಿ ಯಾರಿಗಿಲ್ಲ? ಸೊಪ್ಪು ಅರೆದು ಕಟ್ಟಿದಳು, ಎಣ್ಣೆ ಹಚ್ಚಿದಳು. ಹುಣ್ಣು ಮಾಯುವ ಬದಲು ಅಗಲವಾಯಿತು, ವಾಸನೆ ಹಿಡಿಯಿತು. ಆಸ್ಪತ್ರೆಯ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

“ನೋಡಿ ಅಮ್ಮ, ಕಾಲಿಗೆ ರಕ್ತ ಹೋಗ್ತಿಲ್ಲ. ರಕ್ತನಾಳ ತೆರೆದು ರಕ್ತ ಹರಿಸೋ ವೈದ್ಯರು ಇಲ್ಲಿಲ್ಲ. ನನ್ನ ಕೈಲಾಗೋದು ಕತ್ತರಿಸೋದು ಮಾತ್ರ. ನಿಮಗೆ ಸಿಡ್ನಿ ಹಕ್ಕಿದೆ ಅಂತೀರಲ್ಲ, ಕೂಡ್ಲೇ ಹೋಗಿ. ಅಲ್ಲಿ ಕಾಲು ಉಳಿಸ್ತಾರೆ.”

“ಇದೆ ಅಂತೀನಿ ಅಂತಲ್ಲ, ಇದೆ” ಎಂದು ಡಾಕ್ಟರಿಗೂ ಗದರಿ ಬಂದಳು.

ಹೊರಡುವ ದಿನ ಊರಿಗೂರೇ ವ್ಯಾನು ಹತ್ತಿತು. ಅತ್ತೆ ಕಪ್ಪು ಉಡುಪಿನ ಮೇಲೆ ನಮ್ಮ ಕಡೆಯ ಮರ್ಯಾದೆಯಂತೆ ಸೊಂಟಕ್ಕೆ ಚಾಪೆ ಬಿಗಿದು, ಹುಣ್ಣಿನ ಕಾಲಿಗೆ ಬಿಳಿ ಬಟ್ಟೆ ಸುತ್ತಿ, ಊರುಗೋಲು ಹಿಡಿದು ವಿಮಾನ ನಿಲ್ದಾಣದೊಳಕ್ಕೆ ನಡೆದಳು. ಹಿಂದೆ ಪೆಟ್ಟಿಗೆ, ಸುತ್ತಿದ ಚಾಪೆಗಳು, ಹೆಗ್ಗೆಣಸಿನ ಮೂಟೆ, ಹಾಡುವ ಹೆಂಗಸರು. ಕೌಂಟರಿನಲ್ಲಿ ಕೂತಿದ್ದವಳು ನಮ್ಮ ಊರಿನವಳೇ, ಆಲಿಸಿ ಎಂಬವಳು, ಅತ್ತೆಯ ದೂರದ ತಮ್ಮನ ಮಗಳು. ಪಾಸ್‌ಪೋರ್ಟಿನ ನಂಬರು ಒತ್ತಿದಳು, ಪರದೆ ನೋಡಿದಳು. ಇನ್ನೊಮ್ಮೆ ಒತ್ತಿದಳು. ಅವಳ ಕುತ್ತಿಗೆಯಿಂದ ಮೇಲಕ್ಕೆ ಕೆಂಪೇರಿತು.

“ಅತ್ತೆ, ಸ್ವಲ್ಪ ಕೂತ್ಕೊಳ್ಳಿ.”

“ಯಾಕೆ ಕೂರ್ಲಿ? ಚೀಟಿ ಕೊಡು.”

“ಅದು… ಅತ್ತೆ…”

“ಅದೇನು ಬಾಯಲ್ಲಿ ಗೆಣಸು ಇಟ್ಕೊಂಡೋರ ಥರ? ಹೇಳೇ!”

ಆಲಿಸಿಗೆ ಹೇಳಲಾಗಲಿಲ್ಲ. ಹೇಗೆ ಹೇಳಿಯಾಳು? ಕಣ್ಣಲ್ಲಿ ನೀರು ತುಂಬಿಕೊಂಡು ಒಳಗೆ ಓಡಿದಳು. ಕೊನೆಗೆ ಒಬ್ಬ ಬಿಳಿಯ ಅಧಿಕಾರಿ ಬಂದ. ಅವನಿಗೆ ಯಾವ ಅತ್ತೆ, ಯಾವ ಅಳಿಯ! “ನಿಮ್ಮ ಮರಳುವ ಅನುಮತಿ ಮುಗಿದು ಬಹಳ ದಿನವಾಗಿದೆ. ವಿಮಾನ ಹತ್ತಿಸಲು ಆಗುವುದಿಲ್ಲ” ಎಂದು ಹವಾಮಾನ ಓದಿದ ಹಾಗೆ ಓದಿ ಹೋದ. ಹಾಡು ನಿಂತುಹೋಯಿತು. ಜೊತೆಗೆ ಬಂದಿದ್ದ ಹೆಂಗಸರಲ್ಲಿ ಇಬ್ಬರು ಬಟ್ಟೆಯಂಚನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದರು. ಅಳುವಿಗಲ್ಲ, ನಗುವಿಗೆ. ಅತ್ತೆ ಅದನ್ನು ನೋಡಿದಳು.

“ಯಾರೇ ಅದು ಹಲ್ಲು ಕಿರಿಯೋದು? ವ್ಯಾನ್ ತಿರುಗ್ಸಿ! ಇವರಪ್ಪನ ಮನೆ ದೇಶವಾ ಅದು? ನನ್ನಳಿಯಂಗೆ ಒಂದು ಮಾತು ಹೇಳಿದ್ರೆ ಇವನ ಕೆಲಸ ಹೋಗತ್ತೆ, ನೋಡ್ತಿರಿ!”

ವ್ಯಾನು ತಿರುಗಿತು. ಮನೆಗೆ ಬಂದು ಕೂಡಲೇ ಫೋನು ಮಾಡಿ ಆದದ್ದನ್ನೆಲ್ಲ ಕೂಗಿ ಹೇಳಿ, “ಸರಿ ಮಾಡ್ಸು” ಎಂದಳು. “ಹೂಂ ಅತ್ತೆ” ಎಂದ ಕೆಲೆಪಿ.

ಅವನು ಏನು ಮಾಡಿಸುತ್ತಾನೆ? ಅವಳೇ ಕಾಲೆಳೆದುಕೊಂಡು ರಾಜಧಾನಿ ನುಕುಅಲೋಫಾಕ್ಕೆ ಹೋಗಿ, ಮಾರುಕಟ್ಟೆಯ ಹಿಂದೆ ವೀಸಾ ಕೆಲಸ ಮಾಡಿಕೊಡುವ ಪಿಸಿಲಾಳ ಮುಂದೆ ಕೂತಳು. ಪಿಸಿಲಾ ನಮ್ಮ ಊರಿನವಳಲ್ಲ, ವವಾವು ದ್ವೀಪದವಳು. ಅತ್ತೆಯ ಅಂಕೆಗೆ ಸಿಕ್ಕವಳಲ್ಲ. ಎಲ್ಲ ಕೇಳಿ ಕನ್ನಡಕ ಹಣೆಗೇರಿಸಿದಳು.

“ಇಷ್ಟು ವರ್ಷ ಹೊರಗಿದ್ರಿ. ಯಾಕೆ ಹೋಗ್ಲಿಲ್ಲ ಅನ್ನೋದಕ್ಕೆ ಬಲವಾದ ಕಾರಣ ಬೇಕು. ಏನಿದೆ?”

“ಇಲ್ಲಿ ನಾನು ಬೇಕಾಗಿತ್ತು.”

“ಯಾರಿಗೆ?”

“ಎಲ್ಲರಿಗೂ.”

“ಅದನ್ನ ಅವರು ಒಪ್ಪಲ್ಲ. ಎರಡನೇದು, ಅಲ್ಲಿ ನಿಮ್ಮವರು ಅನ್ನೋರು ಇರ್ಬೇಕು. ಈಕೆ ನಮ್ಮವಳು, ನಮ್ಮ ಮನೇಲೇ ಇರೋಳು, ನಮಗೆ ಬೇಕು ಅಂತ ಅವರು ಗಟ್ಟಿಯಾಗಿ ಹೇಳ್ಬೇಕು, ಸಹಿ ಹಾಕ್ಬೇಕು. ಅದೊಂದು ಬಂದ್ರೆ ಪ್ರಯತ್ನ ಮಾಡ್ಬಹುದು. ಅದೂ ಇಲ್ದಿದ್ರೆ ಆಸೆ ಬಿಡಿ.”

“ಅಷ್ಟೇನಾ! ನಾನು ಎತ್ತಿ ಆಡಿಸಿದ ಹುಡುಗ ಅವನು. ಹೇಳಿದ್ರೆ ಸಮುದ್ರಕ್ಕೆ ಬೀಳ್ತಾನೆ.”

ಪಿಸಿಲಾಳ ಎದುರೇ ಫೋನು ಹಚ್ಚಿದಳು. ಬರೆದುಕೊಡು ಎಂದಳು. “ಆಯ್ತು ಅತ್ತೆ.” ನಾಳೆಯೇ ಎಂದಳು. “ಆಯ್ತು ಅತ್ತೆ.” ವಾರ ಕಳೆಯಿತು, ಮತ್ತೊಂದು ವಾರ ಕಳೆಯಿತು. ಏನೂ ಬರಲಿಲ್ಲ. ಪಿಸಿಲಾ ತಾನೇ ಎರಡು ಸಲ ಕೇಳಿ ಕಳಿಸಿದಳು. ಆ ಕಡೆಯಿಂದ ಉಸಿರಿಲ್ಲ. ಹುಣ್ಣು ಈಗ ಹಿಮ್ಮಡಿ ದಾಟಿ ಪಾದದ ಬದಿಗೆ ಬಂದಿತ್ತು. ಅರ್ಜಿ ಹಾಗೇ ಹೋಯಿತು, ಹಾಗೇ ತಿರಸ್ಕೃತವಾಗಿ ಬಂತು.

“ಅವನು ಆಯ್ತು ಅಂದಿದಾನೆ, ನೀನೇ ಕೇಳಿಸ್ಕೊಂಡೆ!” ಎಂದು ಅತ್ತೆ ಮೇಜು ಗುದ್ದಿದಳು. “ನಿನ್ನ ಕಂಪ್ಯೂಟರೇ ಸರಿ ಇಲ್ಲ.”

ಪಿಸಿಲಾಗೂ ರೇಗಿತು. “ನನ್ನ ಕಂಪ್ಯೂಟರ್ ಸರಿಯಾಗೇ ಇದೆ. ಆ ಹುಡುಗ ನಿಮ್ಮ ಹತ್ರ ಹುಟ್ಟಿದಾಗಿಂದ ಒಂದು ಸಲನಾದ್ರೂ ಆಗಲ್ಲ ಅಂದಿದಾನಾ? ಇಲ್ವಲ್ಲ? ಹಾಗಿದ್ಮೇಲೆ ಅವನ ಆಯ್ತು ತಗೊಂಡು ಏನ್ಮಾಡ್ತೀರಿ? ಉಪ್ಪಿನಕಾಯಿ ಹಾಕ್ತೀರಾ? ಇನ್ನೊಂದು ಸಲ ಅರ್ಜಿ ಹಾಕ್ಬಹುದು. ಆದ್ರೆ ಅವನ ಬಾಯಿಂದ ನಿಜ ಹೊರಡ್ಸಿ ಬನ್ನಿ.”

ಅತ್ತೆ ಅವತ್ತು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯಾರನ್ನೂ ಬೈಯಲಿಲ್ಲ. ಬಸ್ಸಿನವರಿಗೇ ಗಾಬರಿಯಾಯಿತಂತೆ.

ಆ ವರ್ಷ ನಮ್ಮ ಇಗರ್ಜಿಯ ದೊಡ್ಡ ಹಬ್ಬ. ಹೊಸ ಚಾವಣಿ ಹೊದಿಸಿದ್ದಕ್ಕೆ ಹೊರದೇಶದಲ್ಲಿರುವವರೆಲ್ಲ ಬಂದರು. ಕೆಲೆಪಿಯೂ ಬಂದ, ಲೂಪೆಯೂ ಬಂದಳು. ಕೆಲೆಪಿಯ ಹೆಂಡತಿ ಬರಲಿಲ್ಲ, ಆರು ತಿಂಗಳ ಬಸುರಿ. ಕೆಲೆಪಿ ಬಂದ ದಿನವೇ ಅತ್ತೆಯ ಮನೆಗೆ ಹೋಗಿ ಕೆಳಗೆ ಕೂತು, ತಂದ ದೊಡ್ಡ ಅಗಲದ ಬಟ್ಟೆಗಳನ್ನೂ ಬಿಸ್ಕತ್ತಿನ ಡಬ್ಬಗಳನ್ನೂ ಅವಳ ಮುಂದಿಟ್ಟು, ತಲೆ ತಗ್ಗಿಸಿ ಎದ್ದು ಬಂದ. ಕಾಲಿನ ವಾಸನೆಗೆ ಅವನ ಮುಖ ಒಂದು ಗಳಿಗೆ ಕಿವುಚಿಕೊಂಡಿತು ಎಂದು ಅಲ್ಲಿದ್ದವರು ಹೇಳುತ್ತಾರೆ. ಅತ್ತೆ ಆಗ ಕಾಗದದ ಮಾತೆತ್ತಲಿಲ್ಲ. ಅವಳ ಲೆಕ್ಕಾಚಾರ ಬೇರೆಯಿತ್ತು. ಮನೆಯೊಳಗಿನ ಹೂಂ ಗಾಳಿಗೆ ಹೋಗುತ್ತದೆ. ಪಾದ್ರಿಯ ಎದುರು, ನಂಟರಿಷ್ಟರ ಎದುರು ಹೇಳಿಸಿದ ಹೂಂ ಕೊರಳಿಗೆ ಬೀಳುತ್ತದೆ. ಕೆಟ್ಟ ಲೆಕ್ಕವೇನಲ್ಲ.

ಔತಣದ ಚಪ್ಪರದ ಕೆಳಗೆ ಸುಟ್ಟ ಹಂದಿಮರಿಗಳು, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆಯ ಪೊಟ್ಟಣಗಳು, ಸಿಹಿಗೆಣಸು, ಮೀನು, ಕಲ್ಲಂಗಡಿ ಸಾಲಾಗಿ ಹರಡಿದ್ದವು. ಮೇಲಿನ ತುದಿಯಲ್ಲಿ ಪಾದ್ರಿ, ಅವರ ಪಕ್ಕ ಟೆಲೇಸಿಯಾ ಅತ್ತೆ, ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡು. ಭಾಷಣಗಳು ಮುಗಿದವು. ಪಾದ್ರಿ ಇನ್ನೇನು ಎದ್ದಾರು ಎನ್ನುವಷ್ಟರಲ್ಲಿ ಅತ್ತೆ ಊರುಗೋಲಿನಿಂದ ನೆಲ ಕುಟ್ಟಿದಳು.

“ಕೆಲೆಪಿ, ಇಲ್ಲಿ ಬಾ.”

ಅವನು ಬಂದು ಮುಂದೆ ಕೂತ. ಮೂವತ್ತು ದಾಟಿದ ಗಂಡಸು, ಬಾಗಿಲಗಲದ ಎದೆ. ಶಾಲೆಯಲ್ಲಿ ಹೆಸರು ಕೂಗಿಸಿಕೊಂಡವನ ಹಾಗೆ ಕೂತ.

“ಪಾದ್ರಿಗಳೇ, ನೀವು ಕೇಳಿ. ಎಲ್ಲರೂ ಕೇಳಿ. ಇವನ ಅಪ್ಪನ್ನ, ಇವನ ಅಮ್ಮನ್ನ, ಇವನ್ನ ನಾನು ಸಿಡ್ನಿಗೆ ಕರೆಸ್ದೆ. ಮುದುಕಿಯರ ಕುಂಡೆ ತೊಳೆದು ಕರೆಸ್ದೆ. ಹೌದೇನೋ?”

“ಹೌದು ಅತ್ತೆ.”

“ಈಗ ನನ್ನ ಕಾಲು ಕೊಳೀತಿದೆ. ಇಲ್ಲಿದ್ರೆ ಕತ್ತರಿಸ್ತಾರೆ. ನಾನು ಅಲ್ಲಿಗೆ ಬರ್ಬೇಕು. ಬರ್ಬೇಕಾದ್ರೆ ನೀನು, ಈಕೆ ನಮ್ಮವಳು, ನಮಗೆ ಬೇಕು ಅಂತ ಬರೆದುಕೊಡ್ಬೇಕು. ಬರ್ಕೊಡ್ತೀನಿ ಅಂತ ಎಷ್ಟು ಸಲ ಅಂದೆ? ಯಾಕೆ ಕೊಡ್ಲಿಲ್ಲ? ಇವತ್ತು ದೇವರ ಮುಂದೆ ಹೇಳು, ಕೊಡ್ತೀಯೋ ಇಲ್ವೋ?”

ಎಲ್ಲರೂ ಹೂಂ ಬರುವುದನ್ನೇ ಕಾಯುತ್ತಿದ್ದರು. ಕೆಲವರು ಆಗಲೇ ತಲೆಯಾಡಿಸಲು ಶುರುಮಾಡಿದ್ದರು. ಕೆಲೆಪಿ ನೆಲ ನೋಡುತ್ತಿದ್ದವನು ತಲೆ ಎತ್ತಿದ.

“ಇಲ್ಲ ಅತ್ತೆ. ಕೊಡಲ್ಲ.”

ಕಲ್ಲಂಗಡಿ ಕತ್ತರಿಸುತ್ತಿದ್ದವಳ ಚಾಕು ಅಲ್ಲೇ ನಿಂತಿತು. ಪಾದ್ರಿ ಕೆಮ್ಮಿದರು. ನಮ್ಮ ಊರಿನಲ್ಲಿ ಅಂಥ ಮಾತನ್ನು ಕಿವಿಯಿಂದ ಕೇಳಿದವರೇ ಇರಲಿಲ್ಲ.

“ಏನಂದೆ?”

“ಕೊಡಲ್ಲ ಅಂದೆ. ನೀವು ಬರೋದು ನನಗೆ ಬೇಡ. ಅನುಮತಿ ಮುಗಿಯೋದು ನನಗೆ ಗೊತ್ತಿತ್ತು, ಬೇಕೂಂತಲೇ ಸುಮ್ನಿದ್ದೆ. ಹೂಂ ಹೂಂ ಅಂದು ಅಂದು ನನ್ನ ಬಾಯೆಲ್ಲ ಕಹಿಯಾಗಿದೆ. ಅಪ್ಪನ ಪೆಟ್ಟಿಗೆ ಮುಚ್ಚೋ ಮುಂಚೆ ಅಮ್ಮ ಒಂದು ಸಲ ಮುಖ ನೋಡ್ತೀನಿ ಅಂತ ಬಾಗಿಲಿಗೆ ಬಂದ್ರು. ಒಲೆ ಹತ್ರ ಕೈ ಸಾಲ್ದು, ಹೋಗು ಅಂದ್ರಿ ನೀವು. ನಿಮ್ಮನ್ನ ಮೀರೋ ಹಾಗಿಲ್ಲ, ಹೋದ್ರು. ಅಮ್ಮ ಹೊಗೇಲಿ ಕೆಮ್ಕೊಂಡು ಹಂದಿ ತಿರುಗಿಸ್ತಿದ್ದಾಗ ಆ ಕಡೆ ಪೆಟ್ಟಿಗೆಗೆ ಮೊಳೆ ಹೊಡೀತಿದ್ರು. ಆ ಸದ್ದು ಕೇಳಿಸ್ಕೊಂಡು ಅಮ್ಮ ಏನ್ಮಾಡಿದ್ರು ಗೊತ್ತಾ ನಿಮಗೆ? ನೀವು ನೋಡ್ಲಿಲ್ಲ, ನಾನು ನೋಡ್ದೆ. ನಿಮ್ಮ ಕಾಲು ಹೋಗ್ಲಿ ಅಂತ ನಾನು ಹೇಳಲ್ಲ. ಆದ್ರೆ ಅಮ್ಮ ಇರೋ ಮನೇಲಿ ಇನ್ನು ನೀವು ಇರ್ಕೂಡ್ದು.”

ಟೆಲೇಸಿಯಾ ಅತ್ತೆಯ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕಪ್ಪಿಟ್ಟಿತು. ಊರುಗೋಲು ಹಿಡಿದು ಒಂದೇ ಕಾಲಿನ ಮೇಲೆ ಎದ್ದು ನಿಂತಳು. ಅವಳು ಏನು ಮಾಡಲಿದ್ದಾಳೆ ಎಂದು ಎಲ್ಲರಿಗೂ ಗೊತ್ತಾಯಿತು. ಮುದುಕಿಯರು ಕಿವಿ ಮುಚ್ಚಿಕೊಂಡರು.

“ನಿನ್ನ ಹೆಂಡ್ತಿ ಹೊಟ್ಟೇಲಿರೋದು…” ಎಂದಳು.

ಕೆಲೆಪಿ ಜಾಗ ಬಿಟ್ಟು ಅಲುಗಲಿಲ್ಲ. ಕಣ್ಣು ಮಾತ್ರ ಮುಚ್ಚಿಕೊಂಡ. ಕಣ್ಣು ಮುಚ್ಚಿದ ಮುಖ ಥೇಟ್ ಮೋಸೆಸೆಯದೇ. ಅವಳ ಬೆನ್ನ ಮೇಲೆ ಬೆಳೆದ, ಅವಳಿಗೆ ಹೆದರಿಕೊಂಡೇ ಬದುಕಿ ಸತ್ತ ತಮ್ಮ. ಹೊಟ್ಟೆಯಲ್ಲಿದ್ದದ್ದು ಅವನ ಮೊಮ್ಮಗು. ಅತ್ತೆಯ ಬಾಯಿ ತೆರೆದದ್ದು ತೆರೆದೇ ಇತ್ತು, ಮಾತು ಮುಂದೆ ಬರಲಿಲ್ಲ. ಕೊನೆಗೆ ಹಲ್ಲು ಕಚ್ಚಿ, ಆ ಮಾತನ್ನು ನುಂಗಿಕೊಂಡು, ಚಪ್ಪರದ ಕೆಳತುದಿಯ ಕಡೆಗೆ ತಿರುಗಿದಳು. ಅಲ್ಲಿ ಲೂಪೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು.

“ಏ ಲೂಪೆ! ಮಗನಿಗೆ ಚೆನ್ನಾಗಿ ಹೇಳ್ಕೊಟ್ಟಿದೀಯ! ನೀನು ಹೇಳೇ. ನೀನೂ ಆ ದೇಶದ ಪ್ರಜೆಯೇ ತಾನೆ? ನೀನು ಬರ್ಕೊಡು. ನಾನು ಕೇಳ್ತಿದೀನಿ.” ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಕಾಲು ಹೋಗತ್ತೆ ಕಣೇ. ಬೇಡ್ಕೊಳ್ತಿದೀನಿ ಅಂತಲೇ ಅಂದ್ಕೋ.”

ಅವಳು ಬೇಡಿದ್ದನ್ನು ನೋಡಿದವರು ಅದೇ ಮೊದಲು. ಲೂಪೆ ತಟ್ಟೆಗಳನ್ನು ಕೆಳಗಿಟ್ಟು, ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ.

“ಆಯ್ತು ಅತ್ತಿಗೆ” ಎಂದಳು. “ಬರ್ಕೊಡ್ತೀನಿ.”

ಅಷ್ಟು ಹೇಳಿ ತಟ್ಟೆಗಳನ್ನೆತ್ತಿಕೊಂಡು ಒಲೆಮನೆಯ ಕಡೆಗೆ ನಡೆದಳು.

ಪಾದ್ರಿ ಸಮಾಧಾನದ ಉಸಿರು ಬಿಟ್ಟು, “ನೋಡಿ, ದೇವರು ದೊಡ್ಡವನು” ಎಂದರು. ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ಲೂಪೆಯ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಆ ‘ಆಯ್ತು’ ಎಂಥದ್ದು ಎಂದು ಅಲ್ಲಿ ಅವಳೊಬ್ಬಳಿಗೆ ಗೊತ್ತಾಗಿತ್ತು. ನಿಧಾನವಾಗಿ ಕೂತಳು, ಮುಂದಿದ್ದ ತಟ್ಟೆಯನ್ನು ದೂರ ಸರಿಸಿದಳು.

ಅಮ್ಮ ಮಗ ಮುಂದಿನ ವಿಮಾನಕ್ಕೆ ಹೋದರು. ಏನೂ ಬರಲಿಲ್ಲ. ಪಿಸಿಲಾ ಎರಡನೆಯ ಅರ್ಜಿ ಹಾಕಲೇ ಇಲ್ಲ, ಅತ್ತೆಯೇ ಬೇಡವೆಂದಳು. ಮಳೆಗಾಲಕ್ಕೆ ಮುಂಚೆ ಅವಳ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಸಿಡ್ನಿಯಲ್ಲಿ ಕೆಲೆಪಿಗೆ ಮಗಳು ಹುಟ್ಟಿದಳು, ಆರೋಗ್ಯವಾಗಿದ್ದಾಳಂತೆ. ಹೆಸರೇನಿಡಲಿ ಎಂದು ಕೇಳಲು ಫೋನು ಬರಲಿಲ್ಲ, ಹೆಸರಿಡುವುದೂ ಅತ್ತೆಯ ಹಕ್ಕೇ ಆದರೂ.

ಊರಿನಲ್ಲಿ ಅವಳ ಸ್ಥಾನಕ್ಕೇನೂ ಕುಂದು ಬಂದಿಲ್ಲ. ಔತಣಗಳಿಗೆ ಈಗಲೂ ಕುರ್ಚಿಯ ಸಮೇತ ಹೊತ್ತುಕೊಂಡು ಹೋಗಿ ಮೇಲಿನ ಜಾಗದಲ್ಲಿ ಕೂರಿಸುತ್ತಾರೆ, ಹಂದಿಯ ಒಳ್ಳೆಯ ಭಾಗ ಬಡಿಸುತ್ತಾರೆ. ಸಂಜೆ ಜಗುಲಿಯಲ್ಲಿ ಕೂತಿರುವಾಗ ತಮ್ಮಂದಿರ ಮಕ್ಕಳು ಯಾರಾದರೂ ಹಾದುಹೋದರೆ ಕರೆಯುತ್ತಾಳೆ.

“ನಾಳೆ ಬಂದು ಸ್ವಲ್ಪ ಹೊತ್ತು ನನ್ನ ಹತ್ರ ಕೂರ್ತೀಯೇನೋ?”

“ಹೂಂ ಅತ್ತೆ.”

“ನಿಜ ಹೇಳೋ. ಆಗಲ್ಲ ಅಂದ್ರೆ ಆಗಲ್ಲ ಅನ್ನು, ನಾನೇನೂ ಅನ್ನಲ್ಲ.”

“ಹೂಂ ಅತ್ತೆ” ಎಂದು ಹೊರಟುಹೋಗುತ್ತಾರೆ.